ಅಪ್‌ಡೇಟ್: ಹಳೇ ಫೋಟೋದಲ್ಲಿರುವ ದಂಪತಿ ಯಾರೆಂದು ಗೊತ್ತಾಯ್ತು

ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ದಂಪತಿಯ ಫೋಟೋ ಬಗ್ಗೆ, ಅವರು ಯಾರೆಂದು ಪತ್ತೆ ಮಾಡೋದು ಹೇಗೆ ಅಂತ ಕೇಳಿದ್ದೆ. ಫ್ರೇಮ್ ಬಿಚ್ಚಿ ಹಿಂಭಾಗ ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಫೋಟೋ ಇರುವುದು ಪೋಸ್ಟ್‌ಕಾರ್ಡ್ ಕಾಗದದ ಮೇಲೆ. ಸ್ಟ್ಯಾಂಪ್ ಅಂಟಿಸುವ ಚೌಕದಲ್ಲಿ ‘ಅಜೋ’ ಎಂಬ ಕಾಗದದ ಹೆಸರು, ಮೂಲೆಗಳಲ್ಲಿ ಮೇಲ್ಮುಖವಾದ ನಾಲ್ಕು ತ್ರಿಕೋನ. ಈ ಗುರುತು ಸುಮಾರು 1904ರಿಂದ 1918ರವರೆಗಿನದು. ಎರಡು ತ್ರಿಕೋನ ಕೆಳಮುಖವಾಗಿದ್ದರೆ ಆಮೇಲಿನದು. ಆದರೆ ಇದು ಕಾಗದದ ಕಾಲ ಅಷ್ಟೇ, ಫೋಟೋ ತಡವಾಗಿಯೂ ತೆಗೆದಿರಬಹುದು ಅಲ್ವಾ?

ಸುಳಿವು ಕೊಟ್ಟಿದ್ದು ಮಾಸಿದ ಪೆನ್ಸಿಲ್ ಬರಹ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದಾಗ ‘ನಂಜನಗೂಡು’ ಮತ್ತು ಮನೆತನದ ಹೆಸರು ಓದಲು ಬಂತು. ಆ ಮನೆಯ ಹಿರಿಯರು ನೋಡಿದ ಕೂಡಲೇ ‘ನಮ್ಮಜ್ಜಿ ಕಣಪ್ಪಾ!’ ಅಂದರು. ಅಜ್ಜಿಯ ಮುಪ್ಪಿನ ಫೋಟೋ ತೋರಿಸಿದರು. ಅದೇ ಕಣ್ಣು, ಅದೇ ಗದ್ದ. ತಾತನದು ಅವರ ಹತ್ತಿರ ಒಂದು ಫೋಟೋನೂ ಇರಲಿಲ್ಲವಂತೆ. ಮೂಲ ಪ್ರತಿಯನ್ನು ಅವರಿಗೇ ಕೊಟ್ಟೆ.