ಸದಸ್ಯತ್ವದ ಷರತ್ತಿನಿಂದ ಬಂದ ಹಕ್ಕು ಸದಸ್ಯತ್ವ ಸಿಕ್ಕ ಮೇಲೂ ಉಳಿಯುತ್ತದೆಯೇ?

ಪ್ರಶ್ನೆ: ವಿಜಯಪುರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಎರಡನೆಯ ವರ್ಷದಲ್ಲಿದ್ದು, ಯುರೋಪಿಯನ್ ಒಕ್ಕೂಟವನ್ನು ಸೇರಬಯಸುವ ದೇಶಗಳಿಗೆ ವಿಧಿಸುವ ಮಾನವ ಹಕ್ಕುಗಳ ಷರತ್ತುಗಳ ಬಗ್ಗೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಪ್ರಜಾಪ್ರಭುತ್ವ, ಕಾನೂನಿನ ಆಳ್ವಿಕೆ, ಮಾನವ ಹಕ್ಕು ಹಾಗೂ ಅಲ್ಪಸಂಖ್ಯಾತರ ರಕ್ಷಣೆಗೆ ಭದ್ರವಾದ ಸಂಸ್ಥೆಗಳಿಲ್ಲದ ದೇಶವನ್ನು ಸೇರಿಸಿಕೊಳ್ಳುವುದಿಲ್ಲ ಎಂದು 1993ರ ಜೂನ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಒಕ್ಕೂಟದ ನಾಯಕರು ತೀರ್ಮಾನಿಸಿದ ಸಂಗತಿಯಿಂದ ನನ್ನ ಪ್ರಬಂಧ ಆರಂಭವಾಗುತ್ತದೆ.

ಮುಂದೆ ಹೋದಂತೆ ಗೊಂದಲ ಹೆಚ್ಚಾಗಿದೆ. ಟರ್ಕಿ 2002ರಲ್ಲಿ ಶಾಂತಿಕಾಲದ ಮರಣದಂಡನೆಯನ್ನೂ 2004ರಲ್ಲಿ ಮರಣದಂಡನೆಯನ್ನು ಸಂಪೂರ್ಣವಾಗಿಯೂ ರದ್ದುಗೊಳಿಸಿತು. 2005ರ ಅಕ್ಟೋಬರ್‌ನಲ್ಲಿ ಸದಸ್ಯತ್ವದ ಮಾತುಕತೆಯೂ ಆರಂಭವಾಯಿತು. ಆದರೆ ಇಂದು ಆ ಮಾತುಕತೆ ನಿಂತಲ್ಲೇ ನಿಂತಿದೆ. ಹಂಗೇರಿ ಎಲ್ಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ 2004ರಲ್ಲಿ ಒಳಗೆ ಬಂದಿತು. 2018ರಲ್ಲಿ ಅದೇ ಹಂಗೇರಿಯ ವಿರುದ್ಧ, ಒಕ್ಕೂಟದ ಮೌಲ್ಯಗಳಿಗೆ ಗಂಭೀರ ಅಪಾಯ ಒದಗಿದೆ ಎಂದು ಯುರೋಪಿಯನ್ ಸಂಸತ್ತು ಕ್ರಮಕ್ಕೆ ಮುಂದಾಗಬೇಕಾಯಿತು. ಕರಡು ಓದಿದ ನನ್ನ ಮಾರ್ಗದರ್ಶಕರು, "ಹೊರಗಿನವರು ಕೇಳಿದರೆಂದು ಬರೆದುಕೊಟ್ಟ ಹಕ್ಕು ಒಳಗಿನವರ ಹಕ್ಕಾಗುತ್ತದೆಯೇ?" ಎಂದು ಕೇಳಿದರು. ಉತ್ತರ ಕೊಡಲಾಗಲಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಬೆಳಗಾವಿಯ ನಿವೃತ್ತ ಉಪನ್ಯಾಸಕ

ತಂಗಿ, ನಿಮ್ಮ ಗುರುಗಳ ಪ್ರಶ್ನೆಯೇ ಈ ವಿಷಯದ ಜೀವಾಳ. ಟರ್ಕಿ ಮತ್ತು ಹಂಗೇರಿಗಳ ಜೊತೆಗೆ ನೀವು ಸ್ಲೊವಾಕಿಯಾವನ್ನೂ ನೋಡಲೇಬೇಕು ಎಂಬುದು ನನ್ನ ಸಲಹೆ, ಏಕೆಂದರೆ ಷರತ್ತು ಯಾರ ಮೂಲಕ ಕೆಲಸ ಮಾಡುತ್ತದೆ ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

1990ರ ದಶಕದಲ್ಲಿ ಅಲ್ಲಿ ವ್ಲಾದಿಮಿರ್ ಮೆಚಿಯಾರ್ ಅವರ ಸರ್ಕಾರವಿತ್ತು. 1995ರಲ್ಲಿ ಆ ದೇಶದ ಅಧ್ಯಕ್ಷರ ಮಗನನ್ನೇ ಅಪಹರಿಸಿ ಗಡಿಯಾಚೆಗಿನ ಆಸ್ಟ್ರಿಯಾದಲ್ಲಿ ಬಿಟ್ಟು ಬಂದ ಪ್ರಕರಣ ನಡೆಯಿತು. ಅದರಲ್ಲಿ ಗುಪ್ತಚರ ಸಂಸ್ಥೆಯ ಕೈವಾಡವಿದೆ ಎಂಬ ಆರೋಪ ಕೇಳಿಬಂದಿತು. 1998ರಲ್ಲಿ ಮೆಚಿಯಾರ್ ಅವರೇ ಆ ಪ್ರಕರಣಕ್ಕೆ ಕ್ಷಮಾದಾನ ನೀಡಿ ವಿಚಾರಣೆಯ ದಾರಿ ಮುಚ್ಚಿದರು. ಇದಕ್ಕಿಂತ ಸಣ್ಣದೆಂದು ತೋರುವ ಇನ್ನೊಂದು ಸಂಗತಿ, ಬೆಳಗಾವಿಯಲ್ಲಿ ಬಾಳಿದ ನನ್ನಂಥವನಿಗೆ ಹೆಚ್ಚು ತಟ್ಟುತ್ತದೆ. ಅಲ್ಲಿನ ಹಂಗೇರಿಯನ್ ಭಾಷೆಯ ಶಾಲೆಗಳಲ್ಲಿ ಮಕ್ಕಳಿಗೆ ಎರಡೂ ಭಾಷೆಗಳಲ್ಲಿ ಅಂಕಪಟ್ಟಿ ಕೊಡುತ್ತಿದ್ದರು. 1997ರಲ್ಲಿ ಅದನ್ನು ನಿಲ್ಲಿಸಿ ಸ್ಲೊವಾಕ್ ಭಾಷೆಯಲ್ಲಿ ಮಾತ್ರ ಕೊಡಬೇಕೆಂದು ಸರ್ಕಾರ ಪಟ್ಟು ಹಿಡಿಯಿತು. ತನ್ನ ಮನೆಯ ಮಾತಿನಲ್ಲಿ ಬರೆದಿದ್ದ ಹಾಳೆಯನ್ನು ಮಗುವಿನ ಕೈಯಿಂದ ಕಸಿದುಕೊಂಡರೆ, ಆ ಮಗುವಿಗೆ ದೇಶದ ಬಗ್ಗೆ ಯಾವ ಪಾಠ ಸಿಗುತ್ತದೆ ಎಂಬುದನ್ನು ಗಡಿಭಾಗದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 1997ರಲ್ಲಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗವು ಮಧ್ಯ ಮತ್ತು ಪೂರ್ವ ಯುರೋಪಿನ ಹತ್ತು ದೇಶಗಳ ಅರ್ಜಿಗಳನ್ನು ಪರಿಶೀಲಿಸಿ, ರಾಜಕೀಯ ಮಾನದಂಡದಲ್ಲಿ ಸ್ಲೊವಾಕಿಯಾ ಒಂದನ್ನೇ ಅನುತ್ತೀರ್ಣಗೊಳಿಸಿತು. ನೆರೆಯ ಪೋಲೆಂಡ್, ಹಂಗೇರಿ, ಚೆಕ್ ದೇಶಗಳಿಗೆ ಮಾತುಕತೆಯ ಆಹ್ವಾನ ಹೋಯಿತು. ಸ್ಲೊವಾಕಿಯಾ ಹೊರಗೇ ಉಳಿಯಿತು. ಆ ಹೊಡೆತಕ್ಕೆ ಮೆಚಿಯಾರ್ ಬದಲಾದರೇ? ಇಲ್ಲ. ಬದಲಾದವರು ಮತದಾರರು. 1998ರ ಸೆಪ್ಟೆಂಬರ್ ಚುನಾವಣೆಗೆ ಮುನ್ನ ಸ್ವಯಂಸೇವಾ ಸಂಘಟನೆಗಳು ಊರೂರು ತಿರುಗಿ ಮತದಾನದ ಜಾಗೃತಿ ಮೂಡಿಸಿದವು. ನೂರಕ್ಕೆ 84ರಷ್ಟು ಜನ ಮತ ಹಾಕಿದರು. ಮೆಚಿಯಾರ್ ಅವರ ಪಕ್ಷವೇ ಹೆಚ್ಚು ಮತ ಪಡೆದರೂ ಸರ್ಕಾರ ರಚಿಸಲು ಜೊತೆಗಾರರು ಸಿಗಲಿಲ್ಲ. ಮಿಕುಲಾಶ್ ಜುರಿಂದಾ ನೇತೃತ್ವದ ಹೊಸ ಸರ್ಕಾರದಲ್ಲಿ ಹಂಗೇರಿಯನ್ ಅಲ್ಪಸಂಖ್ಯಾತರ ಪಕ್ಷವೂ ಪಾಲುದಾರನಾಯಿತು. ಎರಡು ಭಾಷೆಯ ಅಂಕಪಟ್ಟಿ ಮರಳಿ ಬಂದಿತು. ಅಲ್ಪಸಂಖ್ಯಾತರು ನೂರಕ್ಕೆ 20ರಷ್ಟಿರುವ ಊರುಗಳಲ್ಲಿ ಕಚೇರಿಯ ವ್ಯವಹಾರಕ್ಕೆ ಅವರ ಭಾಷೆಯನ್ನು ಬಳಸಬಹುದೆಂಬ ಕಾನೂನು 1999ರಲ್ಲಿ ಆಯಿತು. 2004ರ ಮೇ 1ರಂದು ದೇಶ ಒಕ್ಕೂಟದ ಸದಸ್ಯನಾಯಿತು.

ಹೀಗಾಗಿ ನಿಮ್ಮ ಗುರುಗಳಿಗೆ ನಾನು ಹೇಳುವುದು ಇಷ್ಟು: ಷರತ್ತು ಹೊರಗಿನಿಂದ ಬಂದರೂ ಹಕ್ಕನ್ನು ಬೇಡುತ್ತಿದ್ದವರು ಒಳಗೇ ಇದ್ದರು, ಷರತ್ತು ಅವರ ಕೈಗೆ ಬಲ ಕೊಟ್ಟಿತು. ಹಾಗೆ ಬೇಡುವವರಿಲ್ಲದ ಕಡೆ, ಇಲ್ಲವೇ ಸೇರಿಸಿಕೊಳ್ಳುತ್ತೇವೆ ಎಂಬ ಮಾತನ್ನು ಯಾರೂ ನಂಬದ ಕಡೆ, ಅದೇ ಷರತ್ತು ಬರಿಯ ಕಾಗದವಾಗುತ್ತದೆ. ಇನ್ನೊಂದನ್ನೂ ಗಮನಿಸಿ. ಭಾಷಾವಾರು ರಾಜ್ಯಗಳು ರಚನೆಯಾದ 1956ರಲ್ಲಿಯೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ಒದಗಿಸಬೇಕೆಂಬ 350ಎ ವಿಧಿ ಏಳನೆಯ ತಿದ್ದುಪಡಿಯ ಮೂಲಕ ನಮ್ಮ ಸಂವಿಧಾನಕ್ಕೆ ಸೇರಿತು. ಗಡಿ ಎಳೆಯುವ ಗಳಿಗೆಯಲ್ಲಿಯೇ ಅಲ್ಪಸಂಖ್ಯಾತರ ರಕ್ಷಣೆಯನ್ನು ಬರೆದಿಡಬೇಕೆಂಬ ತಿಳಿವಳಿಕೆ ನಮಗೂ ಹೊಸದಲ್ಲ.

ಉತ್ತರ 2: ಬಾಗಲಕೋಟೆಯ ವಕೀಲೆ

ಸರ್ ಅವರ ಮಾತನ್ನು ಗೌರವದಿಂದ ಒಪ್ಪುತ್ತಲೇ, ಸ್ಲೊವಾಕಿಯಾದ ಕಥೆ ಸದಸ್ಯತ್ವ ಸಿಕ್ಕ ದಿನಕ್ಕೆ ಮುಗಿಯುವುದಿಲ್ಲ ಎಂದು ಹೇಳಬೇಕಾಗಿದೆ. ನ್ಯಾಯಾಲಯದಲ್ಲಿ ದುಡಿಯುವ ನನಗೆ ಕಾಡುವುದು ಪಕ್ಕದ ಚೆಕ್ ದೇಶದ ಪ್ರಕರಣ. ಓಸ್ಟ್ರಾವಾ ನಗರದಲ್ಲಿ, ಯುರೋಪಿನ ಅಲ್ಪಸಂಖ್ಯಾತ ಸಮುದಾಯವಾದ ರೋಮಾ ಜನರ 18 ಮಕ್ಕಳನ್ನು 1996ರಿಂದ 1999ರ ನಡುವೆ ಬುದ್ಧಿಮಾಂದ್ಯರಿಗೆಂದು ಇದ್ದ ವಿಶೇಷ ಶಾಲೆಗಳಿಗೆ ಸೇರಿಸಲಾಗಿತ್ತು. ಅವರು 2000ದಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಕೊಟ್ಟರು. (ಆ ನ್ಯಾಯಾಲಯ ಯುರೋಪಿಯನ್ ಒಕ್ಕೂಟದ್ದಲ್ಲ, ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೆ ಸಂಸ್ಥೆಯದು, ಪ್ರಬಂಧದಲ್ಲಿ ಇವೆರಡನ್ನೂ ಬೆರೆಸಬೇಡಿ.) ಇದು ತಾರತಮ್ಯ ಎಂಬ ಅಂತಿಮ ತೀರ್ಪು ಬಂದದ್ದು 2007ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಚೆಕ್ ದೇಶ ಒಕ್ಕೂಟವನ್ನು ಸೇರಿ ಮೂರು ವರ್ಷ ದಾಟಿತ್ತು. ಕಡತದಲ್ಲಿ ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಿಗೆಯ ಮುದ್ರೆ ಬಿದ್ದಾಗ, ತರಗತಿಯಲ್ಲಿ ಆ ಮಕ್ಕಳು ಇನ್ನೂ ಬೇರೆಯಾಗಿಯೇ ಕುಳಿತಿದ್ದರು.

ಒಳಗೆ ಬಂದ ಮೇಲೆ ಹಿಡಿತ ಸಡಿಲವಾಗುವುದಕ್ಕೆ ಕಾರಣ ಒಕ್ಕೂಟದ ಮೂಲ ಒಪ್ಪಂದದಲ್ಲಿಯೇ ಇದೆ. ಏಳನೆಯ ವಿಧಿಯ ಪ್ರಕಾರ ಒಂದು ಸದಸ್ಯ ದೇಶ ಮೌಲ್ಯಗಳನ್ನು ಗಂಭೀರವಾಗಿ ಹಾಗೂ ನಿರಂತರವಾಗಿ ಉಲ್ಲಂಘಿಸುತ್ತಿದೆ ಎಂದು ನಿರ್ಧರಿಸಲು ಉಳಿದೆಲ್ಲ ದೇಶಗಳ ನಾಯಕರ ಒಮ್ಮತ ಬೇಕು. 2017ರಲ್ಲಿ ಪೋಲೆಂಡ್ ವಿರುದ್ಧ, 2018ರಲ್ಲಿ ಹಂಗೇರಿ ವಿರುದ್ಧ ಪ್ರಕ್ರಿಯೆ ಆರಂಭವಾದಾಗ ಅವೆರಡೂ ಪರಸ್ಪರ ಬೆನ್ನಿಗೆ ನಿಂತವು, ಒಮ್ಮತ ಕನಸಾಯಿತು. ಕೊನೆಗೆ ಒಕ್ಕೂಟ ಹಣದ ದಾರಿ ಹಿಡಿಯಿತು. ಕಾನೂನಿನ ಆಳ್ವಿಕೆ ಕೆಟ್ಟು ಒಕ್ಕೂಟದ ಹಣಕ್ಕೆ ಅಪಾಯ ಬಂದರೆ ಅನುದಾನ ತಡೆಯಬಹುದೆಂಬ ನಿಯಮ 2020ರಲ್ಲಿ ಬಂದಿತು. ಅದಕ್ಕೆ ಒಮ್ಮತ ಬೇಕಾಗಿಲ್ಲ, ಅರ್ಹ ಬಹುಮತ, ಅಂದರೆ ನಿಗದಿತ ಪ್ರಮಾಣದ ಬಹುಮತ ಸಾಕು. 2022ರ ಡಿಸೆಂಬರ್‌ನಲ್ಲಿ ಅದರ ಅಡಿಯಲ್ಲಿ ಹಂಗೇರಿಯ ಸುಮಾರು 630 ಕೋಟಿ ಯೂರೋ ತಡೆಹಿಡಿಯಲಾಯಿತು. ಅಭ್ಯರ್ಥಿ ದೇಶಗಳ ಮಾತುಕತೆ ವಿಷಯವಾರು ಅಧ್ಯಾಯಗಳಲ್ಲಿ ನಡೆಯುತ್ತದೆ; ಅದರ ಕ್ರಮವೂ 2020ರಲ್ಲಿ ಬದಲಾಗಿ, ನ್ಯಾಯಾಂಗ ಮತ್ತು ಮೂಲಭೂತ ಹಕ್ಕುಗಳ ಅಧ್ಯಾಯವಿರುವ ಗುಂಪನ್ನೇ ಮೊದಲು ತೆರೆದು ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕೆಂದಾಯಿತು.

ಟರ್ಕಿಯ ಬಗ್ಗೆ ಒಂದು ಮಾತು. ಒಕ್ಕೂಟದ ಸದಸ್ಯ ದೇಶವಾದ ಸೈಪ್ರಸ್ ಜೊತೆಗಿನ ವಿವಾದದಿಂದಾಗಿ 2006ರಲ್ಲಿಯೇ ಎಂಟು ಅಧ್ಯಾಯಗಳ ಮಾತುಕತೆ ತಡೆಯಲ್ಪಟ್ಟಿತು. ಬಾಗಿಲು ತೆರೆಯುವ ನಂಬಿಕೆ ಹೋದಂತೆ ಷರತ್ತಿನ ಬಲವೂ ಹೋಯಿತು. ಆದರೂ 2016ರ ವಿಫಲ ದಂಗೆಯ ನಂತರ ಮರಣದಂಡನೆಯನ್ನು ಮರಳಿ ತರಬೇಕೆಂಬ ಕೂಗು ಎದ್ದಾಗ, ಅಧ್ಯಕ್ಷರೇ ಅದಕ್ಕೆ ಸಹಿ ಹಾಕಲು ಸಿದ್ಧ ಎಂದಾಗಲೂ, ಅದು ಮರಳಿ ಬರಲಿಲ್ಲ. ಒಮ್ಮೆ ಬರೆದದ್ದನ್ನು ಅಳಿಸುವುದು ಸುಲಭವಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಇಲ್ಲಿನ ಒಂದು ಕಚೇರಿಯಲ್ಲಿ ತಪಾಸಣೆ ಇದೆ ಎಂದು ಎರಡು ದಿನ ಮುಂಚೆ ಗಾಲಿಕುರ್ಚಿಗಾಗಿ ಸಿಮೆಂಟಿನ ಇಳಿಜಾರು ಕಟ್ಟಿದರು. ತಪಾಸಣೆ ಮುಗಿದ ವಾರದಲ್ಲಿ ಅದರ ಮೇಲೆ ಹಳೆಯ ಕಬ್ಬಿಣದ ಕಪಾಟು ಬಂದು ಕೂತಿತು. ಕಾಲು ಕಳೆದುಕೊಂಡ ನನ್ನ ಕಕ್ಷಿದಾರರನ್ನು ಮಗ ಹೊತ್ತುಕೊಂಡೇ ಒಳಗೆ ಕರೆತಂದ. ಆದರೆ ನಾವು ಹಾಕಿದ ಅರ್ಜಿಯಲ್ಲಿ ಇಳಿಜಾರು ಕಟ್ಟಿರಿ ಎಂದು ಬೇಡುವ ಅಗತ್ಯವೇ ಬೀಳಲಿಲ್ಲ. ನೀವೇ ಕಟ್ಟಿದ್ದನ್ನು ತೆರವು ಮಾಡಿರಿ ಎಂದರೆ ಸಾಕಾಯಿತು. ತೋರಿಕೆಗೆ ಕೊಟ್ಟ ಹಕ್ಕನ್ನೂ ನಾನು ಹಗುರಾಗಿ ಕಾಣದಿರುವುದು ಈ ಕಾರಣಕ್ಕೆ.

ಉತ್ತರ 3: ಜಮಖಂಡಿಯ ಶಿಕ್ಷಕ

ಷರತ್ತೇ ಇಲ್ಲದ ಒಕ್ಕೂಟಗಳನ್ನೂ ಹೋಲಿಕೆಗೆ ತೆಗೆದುಕೊಂಡರೆ ಪ್ರಬಂಧಕ್ಕೆ ತೂಕ ಬರುತ್ತದೆ. ಮ್ಯಾನ್ಮಾರ್ 1997ರಲ್ಲಿ ಸೇನಾಡಳಿತದಲ್ಲಿದ್ದಾಗಲೇ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ ಸದಸ್ಯನಾಯಿತು. ನಮ್ಮ ಸಾರ್ಕ್‌ನ 1985ರ ಸನ್ನದು ಎಲ್ಲ ತೀರ್ಮಾನಗಳಿಗೂ ಒಮ್ಮತ ಬೇಕೆಂದು ಹೇಳಿ, ದ್ವಿಪಕ್ಷೀಯ ಹಾಗೂ ವಿವಾದಾಸ್ಪದ ವಿಷಯಗಳನ್ನು ಚರ್ಚೆಯಿಂದಲೇ ಹೊರಗಿಟ್ಟಿತು. ಇನ್ನು ಜಾರ್ಜಿಯಾಕ್ಕೆ 2023ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ಅಭ್ಯರ್ಥಿ ಸ್ಥಾನ ಸಿಕ್ಕಿತು. ಮರುವರ್ಷ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರವೇ 2028ರ ಕೊನೆಯವರೆಗೆ ಮಾತುಕತೆ ಬೇಡವೆಂದಾಗ, ಜನರೇ ರಾಜಧಾನಿ ಟಿಬಿಲಿಸಿಯ ರಸ್ತೆಗಿಳಿದು ಪ್ರತಿಭಟಿಸಿದರು. ಬೇಡುವವರು ಒಳಗಿರುತ್ತಾರೆ ಎಂಬ ಬೆಳಗಾವಿಯ ಸರ್ ಅವರ ಮಾತಿಗೆ ಇದು ಪುಷ್ಟಿ ಕೊಡುತ್ತದೆ. ಆದರೆ ಅಧಿಕಾರದಲ್ಲಿರುವವರಿಗೆ ಸದಸ್ಯತ್ವವೇ ಬೇಡವಾದರೆ ಷರತ್ತು ಏನು ಮಾಡೀತು ಎಂಬುದನ್ನೂ ನೀವು ಎದುರಿಸಬೇಕು.

ಪ್ರತಿಕ್ರಿಯೆ: ವಿಜಯಪುರದ ವಿದ್ಯಾರ್ಥಿನಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಲೊವಾಕಿಯಾದ ಅಂಕಪಟ್ಟಿ ಮತ್ತು ಓಸ್ಟ್ರಾವಾದ ಶಾಲೆ ಇವೆರಡನ್ನೂ ಎದುರುಬದುರು ಇಟ್ಟು ಎರಡನೆಯ ಅಧ್ಯಾಯವನ್ನು ಹೊಸದಾಗಿ ಬರೆಯುತ್ತೇನೆ. ಮೇಡಂ, ಆ ಕಪಾಟು ಕೊನೆಗೆ ತೆರವಾಯಿತೇ?

ಪ್ರತಿಕ್ರಿಯೆ: ಬಾಗಲಕೋಟೆಯ ವಕೀಲೆ

ತೆರವಾಯಿತು. ಒಳಗಿನ ಕೋಣೆಯ ಬಾಗಿಲಲ್ಲಿ ಎರಡು ಮೆಟ್ಟಿಲು ಉಳಿದಿವೆ. ಅದಕ್ಕೆ ಬೇರೆ ಅರ್ಜಿ ಹಾಕಿದ್ದೇವೆ.