ಲಿಮಿಟೆಡ್ ಎಡಿಷನ್ ಕ್ಯಾನ್ವಾಸ್ ಪ್ರಿಂಟ್: ಕೊಳ್ಳುವಾಗ ಏನೇನು ನೋಡಬೇಕು, ಕರಾವಳಿಯ ಮನೆಯಲ್ಲಿ ಹೇಗೆ ಕಾಪಾಡಬೇಕು?

ಪಡುಗಾಳಿ:
ನಮಸ್ಕಾರ. ನಮ್ಮ ಮನೆ ಉಡುಪಿಯಲ್ಲಿ, ಸಮುದ್ರಕ್ಕೆ ಹತ್ತಿರ. ಹಜಾರಕ್ಕೆ ಎರಡು ಕ್ಯಾನ್ವಾಸ್ ಪ್ರಿಂಟ್ ತರಬೇಕೆಂದಿದ್ದೇವೆ. ಒಂದು ರವಿವರ್ಮನ ಹಂಸ-ದಮಯಂತಿ. ‘500ರ ಲಿಮಿಟೆಡ್ ಎಡಿಷನ್, ಸರ್ಟಿಫಿಕೇಟ್ ಸಹಿತ’ ಎಂದು ಮಾರುತ್ತಿದ್ದಾರೆ. ಇನ್ನೊಂದು ಈಗಿನ ಕಲಾವಿದರೊಬ್ಬರದು, 24×36 ಇಂಚು, 18/75 ಎಂಬ ನಂಬರ್, ಕೈಸಹಿ ಇದೆ. ಇದನ್ನು ಸುರುಳಿ ಸುತ್ತಿ ಕೊಳವೆಯಲ್ಲಿ ಕಳಿಸುತ್ತಾರಂತೆ, ಫ್ರೇಮ್ ನಾವೇ ಹಾಕಿಸಿಕೊಳ್ಳಬೇಕು.

ಈ ನಂಬರಿಗೆ ಎಷ್ಟು ಬೆಲೆ ಕೊಡಬಹುದು? ಪ್ರಿಂಟ್ ಒಳ್ಳೆಯದೋ ಅಲ್ಲವೋ ಹೇಗೆ ತಿಳಿಯುವುದು? ಮಳೆಗಾಲದಲ್ಲಿ ನಮ್ಮ ಪಶ್ಚಿಮದ ಗೋಡೆ ಬೆವರುತ್ತದೆ, ಅಲ್ಲಿ ತೂಗುಹಾಕಿದರೆ ಬೂಷ್ಟು ಹಿಡಿಯುತ್ತದೆಯೇ? ಗಾಜು ಹಾಕಿಸುವುದು ಒಳ್ಳೆಯದೇ?

ಮಸಿಕುಡಿಕೆ:
ಮೊದಲು ನಂಬರಿನ ವಿಷಯ, ಹೆಚ್ಚಿನ ದುಡ್ಡು ಹೋಗುವುದು ಅದಕ್ಕೇ. 18/75 ಅಂದರೆ 75 ಪ್ರತಿಗಳಲ್ಲಿ ಹದಿನೆಂಟನೆಯದು. ಇದರ ಹೊರಗೆ ಕಲಾವಿದರು ತಮಗೆಂದು ‘ಎ.ಪಿ.’ (ಆರ್ಟಿಸ್ಟ್ಸ್ ಪ್ರೂಫ್) ಗುರುತಿನ ಕೆಲವು ಪ್ರತಿ ಇಟ್ಟುಕೊಳ್ಳುವ ರೂಢಿ ಇದೆ, ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು. ಅದರಲ್ಲಿ ತಪ್ಪೇನಿಲ್ಲ, ಆದರೆ ಎಷ್ಟು ಎಂಬುದು ಸರ್ಟಿಫಿಕೇಟಿನಲ್ಲಿ ಇರಬೇಕು. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದದ್ದು: 75 ಎನ್ನುವುದು ಈ ಅಳತೆಗೆ ಮಾತ್ರವೋ, ಇಡೀ ಚಿತ್ರಕ್ಕೋ? 16×24ಕ್ಕೆ 75, 24×36ಕ್ಕೆ 75, ಕಾಗದದ ಮೇಲೆ ಇನ್ನೊಂದು 75 ತೆಗೆದರೆ ಒಂದೇ ಚಿತ್ರಕ್ಕೆ 225 ಪ್ರತಿಗಳಾದವು. ಈ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸರ್ಟಿಫಿಕೇಟಿನಲ್ಲಿ ಚಿತ್ರದ ಹೆಸರು, ವರ್ಷ, ಚಿತ್ರಭಾಗದ ಅಳತೆ, ಒಟ್ಟು ಸಂಖ್ಯೆ, ನಿಮ್ಮ ನಂಬರ್, ಇಂಕ್ ಮತ್ತು ಕ್ಯಾನ್ವಾಸಿನ ವಿವರ, ಮುದ್ರಿಸಿದವರ ಹೆಸರು, ಕಲಾವಿದರ ಸಹಿ ಇಷ್ಟಿರಲಿ. ಬಿಲ್ಲಿನಲ್ಲೂ 18/75 ಎಂದೇ ಬರೆಸಿ. ಮುಂದೆ ತಕರಾರು ಬಂದರೆ ಗ್ರಾಹಕರ ಆಯೋಗದ ಮುಂದೆ ಇಡಲು ಆಗುವುದು ಬಿಲ್ಲು, ಜಾಹೀರಾತಲ್ಲ.

ರವಿವರ್ಮನ ಲೆಕ್ಕ ಬೇರೆ. ಆತ ತೀರಿಕೊಂಡದ್ದು 1906ರಲ್ಲಿ, ಚಿತ್ರಗಳ ಹಕ್ಕುಸ್ವಾಮ್ಯ ಮುಗಿದು ದಶಕಗಳಾಗಿವೆ. ಹಂಸ-ದಮಯಂತಿಯನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಮುದ್ರಿಸಬಹುದು. ‘500’ ಎನ್ನುವುದು ಆ ಒಂದು ಸಂಸ್ಥೆ ತನಗೆ ತಾನೇ ಹಾಕಿಕೊಂಡ ಮಿತಿ; ಪಕ್ಕದ ಅಂಗಡಿಯವರನ್ನು ಅದು ತಡೆಯುವುದಿಲ್ಲ. ಹಾಗಾಗಿ ಅಪರೂಪದ್ದೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಮೂಲಚಿತ್ರವನ್ನು ಚೆನ್ನಾಗಿ ಫೋಟೊ ತೆಗೆದು, ಬಣ್ಣ ಹೊಂದಿಸಿ ಮುದ್ರಿಸಿದ್ದರೆ ಆ ಕೆಲಸಕ್ಕೆ ತಕ್ಕ ಬೆಲೆ ಕೊಡಿ. ‘ರವಿವರ್ಮ ಪ್ರೆಸ್ಸಿನ ಓಲಿಯೋಗ್ರಾಫ್’ (ತೈಲಚಿತ್ರದಂತೆ ಕಾಣುವ ಹಳೆಯ ಅಚ್ಚಿನ ಚಿತ್ರ) ಎಂದು ಹೇಳಿ ಹೊಸ ಕ್ಯಾನ್ವಾಸ್ ಪ್ರಿಂಟ್ ತೋರಿಸುವವರೂ ಇದ್ದಾರೆ. 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಆ ಪ್ರೆಸ್ಸಿನಿಂದ ಮನೆಮನೆಗೆ ಹೋದವು ಕಾಗದದ ಮೇಲಿನ ಕಲ್ಲಚ್ಚಿನ ಚಿತ್ರಗಳು. ಪ್ರಿಂಟರಿನಿಂದ ಶಾಯಿ ಸಿಂಪಡಿಸಿ ಮುದ್ರಿಸುವ ಈಗಿನ ಇಂಕ್‌ಜೆಟ್ ಕ್ಯಾನ್ವಾಸಿಗೂ ಅವಕ್ಕೂ ಸಂಬಂಧವಿಲ್ಲ.

ನೀವು ಉಡುಪಿಯವರಾದ್ದರಿಂದ ನಿಮ್ಮ ಕಡೆಯವರೇ ಆದ ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಪ್ರಿಂಟುಗಳನ್ನೂ ಯಾರಾದರೂ ತೋರಿಸಬಹುದು. ಅವರು ತೀರಿಕೊಂಡದ್ದು 1996ರಲ್ಲಿ. ನಮ್ಮ ಕಾನೂನಿನಂತೆ ಕಲಾವಿದರ ನಂತರ 60 ವರ್ಷ, ಅಂದರೆ 2056ರ ಕೊನೆಯವರೆಗೆ ಹಕ್ಕುಸ್ವಾಮ್ಯ ಉಳಿಯುತ್ತದೆ. ಹಕ್ಕುದಾರರ ಒಪ್ಪಿಗೆ ಪಡೆದದ್ದು ಸರ್ಟಿಫಿಕೇಟಿನಲ್ಲಿ ಕಾಣಬೇಕು. 1996ರ ನಂತರ ತೆಗೆದ ಪ್ರಿಂಟಿನ ಮೇಲೆ ಅವರ ಸಹಿ ಕಂಡರೆ ಅದು ಮೂಲಚಿತ್ರದ ಸಹಿ ಬಣ್ಣದ ಜೊತೆ ಅಚ್ಚಾದದ್ದು, ಕೈಸಹಿ ಅಲ್ಲ.

ಇನ್ನು ಗುಣಮಟ್ಟ. ಗಡಿಯಾರ ರಿಪೇರಿಯವರು ಬಳಸುವಂಥ ಭೂತಗನ್ನಡಿಯಲ್ಲಿ ನೋಡಿ. ಇಂಕ್‌ಜೆಟ್ ಆದರೆ ಬಣ್ಣದ ಚುಕ್ಕಿಗಳು ಕ್ರಮವಿಲ್ಲದೆ ಚೆಲ್ಲಿದಂತೆ ಇರುತ್ತವೆ. ಆಫ್‌ಸೆಟ್ (ಪುಸ್ತಕ, ಕ್ಯಾಲೆಂಡರ್ ಅಚ್ಚು ಹಾಕುವ ವಿಧಾನ) ಆದರೆ ಚುಕ್ಕಿಗಳು ಸಾಲುಹಿಡಿದು ಪುಟ್ಟ ಹೂವಿನ ಆಕಾರ ಕಟ್ಟಿರುತ್ತವೆ. ಪೆನ್ನಿನ ಸಹಿಯಲ್ಲಿ ಚುಕ್ಕಿಗಳಿಲ್ಲ, ಗೆರೆ ಮುರಿಯದೆ ಹರಿದಿರುತ್ತದೆ. ಇಂಕ್ ಪಿಗ್ಮೆಂಟೋ (ಬಣ್ಣದ ನುಣ್ಣನೆ ಪುಡಿ ಇರುವ ಶಾಯಿ) ಡೈಯೋ (ಬಣ್ಣ ಕರಗಿರುವ ಶಾಯಿ) ಎಂದು ಕೇಳಲೇಬೇಕು. ಡೈ ಇಂಕ್ ಮೊದಲು ಹೊಳೆಯುತ್ತದೆ, ಬೆಳಕಿಗೆ ಬೇಗ ಮಾಸುತ್ತದೆ, ತೇವಕ್ಕೆ ಹರಡುತ್ತದೆ. ವಾರ್ನಿಶ್ ತಾಗದ ತುಂಡೊಂದು ಸಿಕ್ಕರೆ ಒದ್ದೆ ಹತ್ತಿಯಿಂದ ಒತ್ತಿ ನೋಡಿ. ಹತ್ತಿಗೆ ಬಣ್ಣ ಧಾರಾಳವಾಗಿ ಬಂದರೆ ಡೈ ಎಂದೇ ಅನುಮಾನಿಸಿ. ಕ್ಯಾನ್ವಾಸಿನ ಬಿಳಿ ಅಂಚನ್ನು ಕತ್ತಲಲ್ಲಿ ಯು.ವಿ. ಟಾರ್ಚಿನಿಂದ ನೋಡಿ. ನೀಲಿಯಾಗಿ ಝಗ್ಗನೆ ಹೊಳೆದರೆ ಬಿಳುಪಿಗೆಂದು ರಾಸಾಯನಿಕ ಸೇರಿಸಿದ್ದಾರೆ; ಅದರ ಶಕ್ತಿ ಮುಗಿದ ಮೇಲೆ ಬಿಳಿ ಭಾಗಗಳು ಹಳದಿಗೆ ತಿರುಗುತ್ತವೆ. ಫೈಲಿನ ಅಳತೆಯನ್ನೂ ಕೇಳಿ. 24×36 ಇಂಚಿಗೆ 3600×5400 ಪಿಕ್ಸೆಲ್ ತೀರಾ ಕನಿಷ್ಠ, 7200×10800 ಇದ್ದರೆ ಹತ್ತಿರದಿಂದ ನೋಡಿದರೂ ಗೆರೆಗಳು ನಿಲ್ಲುತ್ತವೆ.

ಬೆಣೆಚೌಕಟ್ಟು:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ವಾರ್ನಿಶ್ ಹಾಕಿದೆಯೇ ಇಲ್ಲವೇ ಎಂಬುದು ಫ್ರೇಮ್ ಹಾಕುವ ಮೊದಲೇ ಗೊತ್ತಿರಬೇಕು. ಇಂಕ್‌ಜೆಟ್ ಕ್ಯಾನ್ವಾಸಿನ ಮೇಲ್ಪದರ ಸುಣ್ಣದ ತೆಳು ಲೇಪದ ಹಾಗೆ ಗಡುಸು. ವಾರ್ನಿಶ್ ಇಲ್ಲದೆ ಒಳಗಿನ ಮರದ ಚೌಕಟ್ಟಿಗೆ ಎಳೆದು ಮಡಚಿದರೆ ಅಂಚುಗಳಲ್ಲಿ ಬಿರಿದು ಬಿಳಿ ಗೆರೆ ಬೀಳುತ್ತದೆ. ಮುದ್ರಿಸಿದ ಮೇಲೆ ಕನಿಷ್ಠ 24 ಗಂಟೆ ಒಣಗಿಸಿ, ನೀರು ಆಧಾರದ ವಾರ್ನಿಶನ್ನು ರೋಲರಿನಿಂದ ತೆಳ್ಳಗೆ ಎರಡು ಕೋಟ್ ಹಾಕಿರಬೇಕು. ಒಂದೇ ದಪ್ಪ ಕೋಟ್ ಹಾಕಿದರೆ ಹಾಲಿನಂತೆ ಮಬ್ಬಾಗುತ್ತದೆ, ಸೆಕೆಗಾಲದಲ್ಲಿ ಅಂಟಂಟಾಗುತ್ತದೆ.

ಕೊಳವೆ 4 ಇಂಚಿಗಿಂತ ಸಣ್ಣದಾಗಿರಬಾರದು, 6 ಇಂಚಾದರೆ ಇನ್ನೂ ಒಳ್ಳೆಯದು. ಚಿತ್ರದ ಮುಖ ಹೊರಗೆ ಬರುವಂತೆ ಸುತ್ತಿ, ಮೇಲೆ ಗ್ಲಾಸಿನ್ ಕಾಗದ (ನುಣುಪಾದ ತೆಳು ಕಾಗದ) ಹಾಕಲು ಹೇಳಿ. ಬಬಲ್ ಶೀಟ್ ನೇರವಾಗಿ ಮುಖಕ್ಕೆ ತಾಗಿದರೆ ಲಾರಿಯ ಬಿಸಿಗೆ ವಾರ್ನಿಶಿನ ಮೇಲೆ ಉರುಟುರುಟು ಕಲೆ ಬೀಳುತ್ತದೆ, ಮತ್ತೆ ಹೋಗುವುದಿಲ್ಲ. ಪಾರ್ಸೆಲ್ ಬಂದ ಕೂಡಲೇ ಬಿಚ್ಚಬೇಡಿ. ಒಂದು ದಿನ ಮನೆಯೊಳಗೆ ಹಾಗೇ ಇಟ್ಟು, ನಂತರ ಸ್ವಚ್ಛ ಬಟ್ಟೆ ಹಾಸಿದ ಮೇಜಿನ ಮೇಲೆ ಮುಖ ಕೆಳಗಾಗಿ ಬಿಡಿಸಿಟ್ಟರೆ ತಾನೇ ಚಪ್ಪಟೆಯಾಗುತ್ತದೆ. ಎದುರು ದಿಕ್ಕಿಗೆ ಸುತ್ತಿ ನೆಟ್ಟಗೆ ಮಾಡಲು ಹೋಗಬೇಡಿ.

ಚೌಕಟ್ಟಿಗೆ ಚೆನ್ನಾಗಿ ಒಣಗಿದ ತೇಗ ಅಥವಾ ಪೈನ್. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ಕರಾವಳಿಗೆ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಉಬ್ಬುತ್ತದೆ. ಸಂಸ್ಕರಿಸದ ರಬ್ಬರ್ ಮರಕ್ಕೆ ಹುಳು ಬೀಳುತ್ತದೆ. ಪಟ್ಟಿಯ ಮುಂಭಾಗ ಒಳಗಡೆಗೆ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಒಳ ಅಂಚು ಕ್ಯಾನ್ವಾಸಿಗೆ ತಾಗಿ ವರ್ಷ ಕಳೆಯುವುದರೊಳಗೆ ಗೆರೆ ಮೂಡುತ್ತದೆ. ಮೂಲೆಗಳನ್ನು ಅಂಟು-ಮೊಳೆ ಹಾಕಿ ಬಿಗಿಯಬಾರದು, ಮೂಲೆಯನ್ನು ಹಿಗ್ಗಿಸಿ ಬಟ್ಟೆ ಬಿಗಿಗೊಳಿಸುವ ಪುಟ್ಟ ಮರದ ಬೆಣೆ ಕೂರುವಂತೆ ಸಂದು ಬಿಡಿಸಿ. 36 ಇಂಚಿನ ಉದ್ದಕ್ಕೆ ನಡುವೆ ಒಂದು ಅಡ್ಡಪಟ್ಟಿ ಬೇಕು. ಪಿನ್ನುಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಲಿ. ಮಾಮೂಲಿ ಪಿನ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕಂದು ಕಲೆ ಬಟ್ಟೆಗೆ ಇಳಿಯುತ್ತದೆ. ಎಳೆಯುವಾಗ ಉದ್ದದ ಎರಡು ಬದಿಗಳ ನಡುಮಧ್ಯದಿಂದ ಶುರುಮಾಡಿ, ಎದುರುಬದುರಾಗಿ ಪಿನ್ ಹೊಡೆಯುತ್ತಾ ಮೂಲೆಗಳ ಕಡೆಗೆ ಹೋಗಬೇಕು. ಡೋಲಿನಷ್ಟು ಬಿಗಿ ಮಾಡಬೇಡಿ. ಮಳೆಗಾಲದಲ್ಲಿ ಸ್ವಲ್ಪ ಸಡಿಲವಾಗುತ್ತದೆ, ಚಳಿಗಾಲದ ಒಣಹವೆಗೆ ಮತ್ತೆ ಬಿಗಿಯುತ್ತದೆ. ಮಳೆ ನಿಂತ ಮೇಲೂ ಸಡಿಲವಾಗಿಯೇ ಇದ್ದರೆ ಮಾತ್ರ ಬೆಣೆಯನ್ನು ಮೆಲ್ಲಗೆ ಒಂದೆರಡು ಪೆಟ್ಟು ಒಳಕ್ಕೆ ಹೊಡೆಯಿರಿ. ಹಿಂದಿನಿಂದ ನೀರು ಚಿಮುಕಿಸಿ ಬಿಗಿಗೊಳಿಸುವ ಉಪಾಯ ಇಂಕ್‌ಜೆಟ್ ಕ್ಯಾನ್ವಾಸಿಗೆ ಬೇಡ.

ಸಹಿ ಮತ್ತು ನಂಬರ್ ಎಲ್ಲಿವೆ? ಬಿಳಿ ಅಂಚಿನಲ್ಲಿದ್ದರೆ ಚೌಕಟ್ಟಿಗೆ ಎಳೆದಾಗ ಹಿಂದಕ್ಕೆ ಮಡಚಿಹೋಗುತ್ತವೆ. ಅಂಚಿನ ಅಗಲವನ್ನೂ ಕೇಳಿ ತಿಳಿಸಿ.

ತಿಳಿನೆರಳು:
ಬೆವರುವ ಪಶ್ಚಿಮದ ಗೋಡೆಗೆ ಖಂಡಿತ ಬೇಡ. ನೈರುತ್ಯ ಮುಂಗಾರಿನ ಮಳೆ ಬಡಿಯುವುದೇ ಆ ಗೋಡೆಗೆ. ಹೊರಗಿನಿಂದ ಇಳಿದ ತೇವ ಚಿತ್ರದ ಹಿಂದೆ ಸಿಕ್ಕಿಕೊಳ್ಳುತ್ತದೆ. ಬೂಷ್ಟು ಸಾಮಾನ್ಯವಾಗಿ ಶುರುವಾಗುವುದು ಮುಖದಲ್ಲಲ್ಲ, ಬೆನ್ನಲ್ಲಿ. ಎರಡು ಕೋಣೆಗಳ ನಡುವಿನ ಒಳಗೋಡೆ ಆರಿಸಿ. ಅಲ್ಲಿಯೂ ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ 10-12 ಮಿ.ಮೀ. ದಪ್ಪದ ಕಾರ್ಕ್ ಬಿಲ್ಲೆ ಅಂಟಿಸಿ, ಗಾಳಿ ಓಡಾಡಲಿ. ಕರಾವಳಿಯಲ್ಲಿ ಮಾಡಬಹುದಾದ ಎಲ್ಲ ಕೆಲಸಗಳಲ್ಲಿ ಇದೇ ಅತಿ ಅಗ್ಗದ್ದು, ಅತಿ ಮುಖ್ಯವಾದದ್ದು. ಹಿಂಬದಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಚ್ಚುವುದು ತೇವವನ್ನು ಒಳಗೇ ಕೂಡಿಹಾಕಿದಂತೆ.

ಗೋಡೆಯ ಹತ್ತಿರ ಒಂದು ಡಿಜಿಟಲ್ ತೇವಮಾಪಕ ಇಡಿ. ಸಾಪೇಕ್ಷ ಆರ್ದ್ರತೆ 45-55% ಆದರ್ಶ. 65% ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ದಾರಿ. ಆಷಾಢದಲ್ಲಿ ನಿಮ್ಮಲ್ಲಿ 85% ದಾಟುವುದು ಮಾಮೂಲು, ಆದ್ದರಿಂದ ಫ್ಯಾನ್ ಓಡಲಿ, ಎ.ಸಿ. ಇದ್ದರೆ ಡ್ರೈ ಮೋಡಿನಲ್ಲಿ ದಿನಕ್ಕೆ ಕೆಲವು ಗಂಟೆ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಚಿತ್ರವನ್ನು ಗೋಡೆಯಿಂದ ಸರಿಸಿ ಟಾರ್ಚ್ ಹಾಕಿ ಬೆನ್ನು ನೋಡಿ.

ಬೂಷ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಎಳೆಗಳೊಳಗೆ ಇಳಿಯುತ್ತದೆ. ಡೆಟಾಲ್, ವಿನೆಗರ್, ಬ್ಲೀಚ್ ಯಾವುದೂ ಬೇಡ. ಬಿಸಿಲಿಗೆ ಇಡುವುದೂ ಬೇಡ. ಬೇರೆ ಚಿತ್ರಗಳಿಂದ ದೂರ, ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬಡಿಯದ ಒಣ ಕೋಣೆಯಲ್ಲಿಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಮನೆಯ ಹೊರಗೆ, ಎನ್95 ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಅಗಲ ಬ್ರಷ್ಷಿನಿಂದ ಝಾಡಿಸಿ. ನುಸಿಗುಳಿಗೆಯನ್ನು ಚಿತ್ರದ ಹಿಂದೆ ಸಿಕ್ಕಿಸಬೇಡಿ, ಅದರ ಆವಿ ವಾರ್ನಿಶಿಗೆ ಒಳ್ಳೆಯದಲ್ಲ.

ಗಾಜು ಬೇಡ ಎಂಬುದು ನನ್ನ ಅಭಿಪ್ರಾಯ. ವಾರ್ನಿಶ್ ಹಾಕಿದ ಕ್ಯಾನ್ವಾಸಿಗೆ ಅದರ ಅಗತ್ಯವಿಲ್ಲ, ನಿಮ್ಮ ಹವೆಯಲ್ಲಿ ಗಾಜಿನ ಒಳಗೆ ಹನಿ ಕಟ್ಟುತ್ತದೆ. ದಿನನಿತ್ಯ ಒಣ ಮೈಕ್ರೊಫೈಬರ್ ಬಟ್ಟೆಯೂ ಬೇಡ, ತಿಂಗಳಿಗೊಮ್ಮೆ ಮೆತ್ತನೆಯ ಬ್ರಷ್ ಸಾಕು. ದೇವರ ದೀಪ, ಊದುಬತ್ತಿಯ ಹೊಗೆ, ಒಗ್ಗರಣೆಯ ಎಣ್ಣೆ ಹೊಗೆ ತಲುಪುವ ಜಾಗ ತಪ್ಪಿಸಿ. ಆ ಜಿಡ್ಡು ಕೂತರೆ ಮನೆಯಲ್ಲಿ ತೆಗೆಯಲಾಗದು. ನೇರ ಬಿಸಿಲು ದಿನಕ್ಕೆ ಅರ್ಧ ಗಂಟೆ ಬಿದ್ದರೂ ಪಿಗ್ಮೆಂಟ್ ಇಂಕ್ ಕೂಡ ಕ್ರಮೇಣ ಮಾಸುತ್ತದೆ.

ಪಡುಗಾಳಿ:
ತುಂಬಾ ಉಪಕಾರವಾಯಿತು. ರವಿವರ್ಮ ಸದ್ಯಕ್ಕೆ ಬಿಟ್ಟೆವು. ಇನ್ನೊಂದರ ಬಗ್ಗೆ ವಿಚಾರಿಸಿದೆ: ಪಿಗ್ಮೆಂಟ್ ಇಂಕ್, ಎರಡು ಕೋಟ್ ವಾರ್ನಿಶ್, ಎಲ್ಲ ಅಳತೆ ಸೇರಿ 75. ಸುತ್ತಲೂ ಬಿಳಿ ಅಂಚು 2 ಇಂಚು. ಸಹಿ, ನಂಬರ್ ಎರಡೂ ಆ ಅಂಚಿನಲ್ಲೇ, ಚಿತ್ರದ ಕೆಳಗೆ ಅರ್ಧ ಇಂಚಿನೊಳಗೆ ಇವೆಯಂತೆ. ಬೆಣೆಚೌಕಟ್ಟು ಅವರೇ, ಮಡಚಿಹೋಗದಂತೆ ಹೇಗೆ ಮಾಡಿಸಲಿ?

ಬೆಣೆಚೌಕಟ್ಟು:
ಹಾಗಾದರೆ ಒಂದೂವರೆ ಇಂಚಿನ ದಪ್ಪ ಪಟ್ಟಿ ಬೇಡ, ಬಟ್ಟೆ ಸಾಲದು. ಮುಕ್ಕಾಲು ಇಂಚಿನ ಪಟ್ಟಿ ತೆಗೆದುಕೊಳ್ಳಿ. ಚಿತ್ರದ ಸುತ್ತ ಮುಕ್ಕಾಲು ಇಂಚು ಬಿಳಿ ಮುಂದೆಯೇ ಕಾಣುವಂತೆ ಚೌಕಟ್ಟಿನ ಹೊರ ಅಳತೆ 25½×37½ ಇಂಚು ಮಾಡಿಸಿ. ಉಳಿಯುವ 1¼ ಇಂಚಿನಲ್ಲಿ ಮುಕ್ಕಾಲು ಬದಿಗೆ ಹೋದರೆ ಹಿಂದೆ ಪಿನ್ ಹೊಡೆಯಲು ಅರ್ಧ ಇಂಚು ಸಿಗುತ್ತದೆ. ಇದು ಬಿಗಿ ಲೆಕ್ಕ. ಬಟ್ಟೆ ಹಿಡಿದೆಳೆಯುವ ಕ್ಯಾನ್ವಾಸ್ ಇಕ್ಕಳದ ಬಾಯಿಗೆ ರಬ್ಬರ್ ಇರಲಿ, ಅಂಚನ್ನು ಒಂದು ಮಿ.ಮೀ. ಕೂಡ ಕತ್ತರಿಸಬಾರದೆಂದು ಅಂಗಡಿಯಲ್ಲಿ ಮೊದಲೇ ಹೇಳಿ. ಬಟ್ಟೆ ಹಾಕುವ ಮುನ್ನ ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ, ಎರಡೂ ಸುಮಾರು 45⅜ ಇಂಚು ಬರಬೇಕು. ಕಣ್ಣಿಗೆ ಕಾಣುವ ವ್ಯತ್ಯಾಸವಿದ್ದರೆ ಬಿಳಿ ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣಗೆ ಕಾಣುತ್ತದೆ.

ಹೊರಗಿನ ಟ್ರೇ ಫ್ರೇಮಿನ (ಕ್ಯಾನ್ವಾಸ್ ಒಳಗೆ ಕೂರುವ, ಮುಂದೆ ತೆರೆದ ತಟ್ಟೆಯಂಥ ಫ್ರೇಮ್) ಒಳ ಅಳತೆ 26×38 ಇಂಚು, ಸುತ್ತಲೂ ಕಾಲು ಇಂಚು ಸಂದು ಉಳಿಯುತ್ತದೆ. ಕ್ಯಾನ್ವಾಸನ್ನು ಟ್ರೇಗೆ ಹಿಂದಿನಿಂದ ಸ್ಕ್ರೂ ಹಾಕಿಯೇ ಕೂರಿಸಬೇಕು, ಅಂಟು ಹಾಕಲು ಬಿಡಬೇಡಿ. ಬೆಣೆ ಹೊಡೆಯಬೇಕಾದಾಗ ಬಿಚ್ಚಲು ಬರಬೇಕು.