ಫೋರ್‌ಕಾಸ್ಟಿಂಗ್ ಎಂಎಸ್ಸಿಗೆ ಗ್ಲಾಸ್ಗೋಗೆ ಹೋಗಲೇ? ಅಪ್ಪನ ಪ್ರಶ್ನೆಗೆ ಉತ್ತರ ಬೇಕು

ಚನ್ನಗಿರಿ ಹುಡುಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ ಒಂದು ವರ್ಷದಿಂದ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ ತುಂಬುತ್ತಿದ್ದೇನೆ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಫೈನಾನ್ಶಿಯಲ್ ಫೋರ್‌ಕಾಸ್ಟಿಂಗ್ ಅಂಡ್ ಇನ್ವೆಸ್ಟ್‌ಮೆಂಟ್ ಅಂತ ಒಂದು ವರ್ಷದ ಎಂಎಸ್ಸಿ ಇದೆ. ಅರ್ಜಿ ಹಾಕೋಣ ಅಂತಿದ್ದೇನೆ.

ಅಪ್ಪ ಅಡಿಕೆ ಬೆಳೆಗಾರರು. ಕೋರ್ಸಿನ ಹೆಸರಿನ ಅರ್ಥ ಕೇಳಿದರು. ಹಣದ ವಿಷಯದಲ್ಲಿ ಮುಂದೇನಾಗುತ್ತದೆ ಅಂತ ಊಹಿಸುವುದು, ಹೂಡಿಕೆ ಮಾಡುವುದು ಅಂತ ಹೇಳಿದೆ. "ಹಂಗಾದ್ರೆ ಮುಂದಿನ ವರ್ಷ ರಾಶಿ ಅಡಿಕೆ ರೇಟು ಎಷ್ಟು ಅಂತ ಹೇಳ್ತೀಯಾ?" ಅಂದರು. ಸುಮ್ನೆ ನಿಂತೆ.

ಬಿ.ಕಾಂನ ಗಣಿತ ಸಾಕಾ? ಪೌಂಡ್ ಇಳಿಯುವವರೆಗೆ ಫೀಸ್ ಕಟ್ಟದೆ ಕಾಯಲಾ? ಓದಿ ಬಂದ ಮೇಲೆ ನಿಜವಾಗಲೂ ಮುಂದಿನ ದರ ಹೇಳಲು ಆಗುತ್ತದಾ?

ಕಾಫಿ ಕುಡುಕ:
ಟೆಲಿಗ್ರಾಂನಲ್ಲಿ ದಿನಾ ಬೆಳಿಗ್ಗೆ ಪುಕ್ಕಟೆ ಹೇಳುವವರಿದ್ದಾರೆ, ಅಷ್ಟು ದೂರ ಯಾಕೆ 😄 ತಮಾಷೆ ಬಿಡಿ. ವಾಪಸ್ ಬಂದು ಆಪ್ಷನ್ಸ್ (ಷೇರಿನ ಮುಂದಿನ ದರದ ಮೇಲಿನ ವ್ಯವಹಾರ) ಆಡುವ ಆಸೆ ಇದ್ದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿ 2024ರಲ್ಲಿ ಕೊಟ್ಟ ಲೆಕ್ಕ ನೋಡಿ. ಫ್ಯೂಚರ್ಸ್, ಆಪ್ಷನ್ಸ್ (ಎಫ್ ಅಂಡ್ ಓ) ಆಡಿದ ಸಾಮಾನ್ಯ ಜನರಲ್ಲಿ 93% ಮಂದಿ ಮೂರು ವರ್ಷದ ಲೆಕ್ಕದಲ್ಲಿ ದುಡ್ಡು ಕಳೆದುಕೊಂಡಿದ್ದಾರೆ.

ತೀರ್ಥಹಳ್ಳಿ ಅಕ್ಕ:
ತಮ್ಮಾ, ನಾನು ಅದೇ ಕೋರ್ಸ್ ಮಾಡಿದವಳು. ಈಗ ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ರಿಸ್ಕ್ ಕೆಲಸ, ಅಂದರೆ ನಷ್ಟದ ಅಪಾಯ ಅಳೆಯುವುದು. ನಿಮ್ಮಪ್ಪ ಕೇಳಿದ್ದೇ ನನ್ನ ಡಿಸರ್ಟೇಶನ್ ವಿಷಯವಾಗಿತ್ತು, ಗೊತ್ತಾ?

ಶಿವಮೊಗ್ಗ ಮಾರುಕಟ್ಟೆಯ ರಾಶಿ ಅಡಿಕೆ ದರ ತೆಗೆದುಕೊಂಡೆ. ಮೊದಲ ಮೂರು ವಾರ ಬರೀ ಅಂಕಿ ತೊಳೆಯುವುದೇ ಆಯಿತು. ಭಾನುವಾರ ಖಾಲಿ, ಹಬ್ಬಕ್ಕೆ ಖಾಲಿ. ಎಕ್ಸೆಲ್‌ಗೆ ಇಳಿಸುವಾಗ ನಾನೇ ಒಂದು ಕಡೆ ಸೊನ್ನೆ ಬಿಟ್ಟಿದ್ದೆ. ಮಾಡೆಲ್ (ದರ ಊಹಿಸುವ ಲೆಕ್ಕ) ಅದನ್ನು ಮಾರುಕಟ್ಟೆ ಕುಸಿತ ಅಂದುಕೊಂಡಿತು. ನಾನೂ ಎರಡು ದಿನ ಆ ಕುಸಿತಕ್ಕೆ ಕಾರಣ ಹುಡುಕಿದೆ!

ಆಮೇಲೆ ಅರೀಮಾ ಮಾಡೆಲ್ ಕಟ್ಟಿದೆ. ಹಿಂದಿನ ದರ, ಹಿಂದಿನ ತಪ್ಪು ಎರಡನ್ನೂ ಸೇರಿಸಿ ನಾಳೆಯದನ್ನು ಊಹಿಸುವ ವಿಧಾನ ಅದು. ಕೊನೆಯ ಒಂದು ವರ್ಷದ ದರವನ್ನು ಮಾಡೆಲ್‌ಗೆ ತೋರಿಸದೆ ಎತ್ತಿಟ್ಟಿದ್ದೆ, ಪರೀಕ್ಷೆಗೆ. ಎದುರಾಳಿ ಯಾರು ಅಂದರೆ, "ಇವತ್ತಿನ ದರವೇ ನಾಳೆಯ ದರ" ಅನ್ನುವ ಪೆದ್ದು ಊಹೆ. ನನ್ನ ಮಾಡೆಲ್ ಅದರ ಮುಂದೆ ಸೋತಿತು. ಅಳು ಬಂತು. ಗೈಡ್ ಮಾತ್ರ ಖುಷಿಯಾಗಿ, ಸೋತಿದ್ದನ್ನೂ ಹಾಗೇ ಬರಿ ಅಂದರು.

ಗೆದ್ದಿದ್ದು ಬೇರೆ ಕಡೆ. ದರ ಎತ್ತ ಹೋಗುತ್ತದೆ ಅಂತ ಹೇಳುವುದು ಕಷ್ಟ, ಆದರೆ ಎಷ್ಟು ಅಲ್ಲಾಡುತ್ತದೆ ಅಂತ ಸುಮಾರಾಗಿ ಹೇಳಬಹುದು. ಗಲಾಟೆಯ ದಿನದ ಬೆನ್ನಿಗೇ ಗಲಾಟೆಯ ದಿನವೇ ಬರುತ್ತದೆ ಅಲ್ವಾ? ಅರ್ಥಶಾಸ್ತ್ರಜ್ಞ ರಾಬರ್ಟ್ ಏಂಗಲ್ 1982ರಲ್ಲಿ ಬ್ರಿಟನ್ನಿನ ಹಣದುಬ್ಬರದ ಅಂಕಿ ಇಟ್ಟುಕೊಂಡು ಇದಕ್ಕೆ ಆರ್ಚ್ ಮಾಡೆಲ್ ಮಾಡಿದರು. 1986ರಲ್ಲಿ ಬೊಲ್ಲರ್‌ಸ್ಲೆವ್ ಅದನ್ನು ಗಾರ್ಚ್ ಅಂತ ಬೆಳೆಸಿದರು. ಏಂಗಲ್‌ಗೆ 2003ರಲ್ಲಿ ನೊಬೆಲ್ ಬಂತು. ಇವತ್ತು ನನಗೆ ಸಂಬಳ ಬರುತ್ತಿರುವುದು ಇದೇ ಲೆಕ್ಕದಿಂದ.

ಪೌಂಡ್ ವಿಷಯ: ಕಾಯಬೇಡ. ಮೀಸ್ ಮತ್ತು ರೋಗಾಫ್ ಅನ್ನುವ ಅರ್ಥಶಾಸ್ತ್ರಜ್ಞರು 1983ರಲ್ಲಿ ದೊಡ್ಡ ದೊಡ್ಡ ವಿನಿಮಯ ದರದ ಮಾಡೆಲ್‌ಗಳನ್ನು ಪರೀಕ್ಷೆಗೆ ಹಚ್ಚಿದರು. ಒಂದು ವರ್ಷದವರೆಗಿನ ಊಹೆಯಲ್ಲಿ ಅವೂ ಆ ಪೆದ್ದು ಊಹೆಯನ್ನು ಸೋಲಿಸಲಿಲ್ಲ. 30,000 ಪೌಂಡ್ ಕಟ್ಟುವುದಿದ್ದರೆ, ಪೌಂಡ್ ಒಂದು ರೂಪಾಯಿ ಏರಿದರೂ ನಿನಗೆ 30,000 ರೂಪಾಯಿ ಜಾಸ್ತಿ. ಕಂತಿನಲ್ಲಿ ಕಟ್ಟಲು ಬಿಟ್ಟರೆ ಹಾಗೇ ಕಟ್ಟು. ಸರಾಸರಿ ದರ ಸಿಗುತ್ತದೆ, ನಿದ್ದೆಯೂ ಬರುತ್ತದೆ.

ಗಣಿತ ಸಾಕಾಗಲ್ಲ, ನಂದೂ ಬಿ.ಕಾಂ. ಮೊದಲ ವಾರ 'ಯೂನಿಟ್ ರೂಟ್' ಅಂದಾಗ ಅಕ್ಕಪಕ್ಕದವರ ಮುಖ ನೋಡಿದ್ದೆ. ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ರಿಗ್ರೆಶನ್ ಇಲ್ಲೇ ಕಲಿತುಕೊಂಡು ಹೋಗು. ಆರ್ ಅಥವಾ ಪೈಥಾನ್, ಯಾವುದಾದರೂ ಒಂದು ಪ್ರೋಗ್ರಾಮಿಂಗ್ ಭಾಷೆ ಕೈಗೆ ಹತ್ತಿರಲಿ. ಅಲ್ಲಿ ಡಿಸೆಂಬರ್‌ನಲ್ಲಿ ಮೂರೂಮುಕ್ಕಾಲಿಗೇ ಸೂರ್ಯ ಮುಳುಗುತ್ತದೆ. ಆ ಕತ್ತಲಲ್ಲಿ ಗಣಿತ, ಪ್ರೋಗ್ರಾಮಿಂಗ್ ಎರಡನ್ನೂ ಒಟ್ಟಿಗೆ ಶುರು ಮಾಡುವುದು ಬೇಡ. ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಓದಿ, ಪಾಠ ಮಾಡಿದ ಜಾಗ ಅಂತ ನಾನು ಬಹಳ ಹೆಮ್ಮೆಯಿಂದ ಹೋಗಿದ್ದೆ. ಹಿಲ್‌ಹೆಡ್ ಸ್ಟೇಷನ್ನಿನಿಂದ ಮಳೆಯಲ್ಲಿ ಏರು ಹತ್ತುವಾಗ ಸ್ಮಿತ್ ಯಾರಿಗೆ ನೆನಪಾಗುತ್ತಾನೆ?

ಮಲ್ಲೇಶ್ವರಂ ಮಾವ:
ಸಾಲ ಮಾಡುವ ಮೊದಲು ಇಲ್ಲೂ ನೋಡಪ್ಪಾ. ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಫೈನಾನ್ಶಿಯಲ್ ಎಕನಾಮಿಕ್ಸ್ ಎಂ.ಎ. ಇದೆ. ಕೆಲಸ ಬಿಡಲು ಮನಸ್ಸಿಲ್ಲದಿದ್ದರೆ ಸಿಎಫ್ಎ (ಹೂಡಿಕೆ ವಿಶ್ಲೇಷಕರ ಪರೀಕ್ಷೆ) ಮೊದಲ ಹಂತ ಬರೆದು ನೋಡು, 180 ಪ್ರಶ್ನೆ. ಅದರಲ್ಲೇ ಬೇಜಾರಾದರೆ ಗ್ಲಾಸ್ಗೋದಲ್ಲೂ ಆಗುತ್ತದೆ.

ತೀರ್ಥಹಳ್ಳಿ ಅಕ್ಕ:
ಮಾವ ಹೇಳಿದ್ದು ಸರಿ. ಆದರೆ ಸಿಎಫ್ಎ ಕಂಪನಿಯನ್ನು ಅಳೆಯುವುದನ್ನು ಜಾಸ್ತಿ ಕಲಿಸುತ್ತದೆ, ಮಾಡೆಲ್ ಕಟ್ಟುವುದನ್ನು ಕಡಿಮೆ.

ಚನ್ನಗಿರಿ ಹುಡುಗ:
ಅಕ್ಕಾ, ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಇವತ್ತಿನ ರೇಟೇ ನಾಳೆ ರೇಟು ಅನ್ನೋಕೆ ಅಲ್ಲಿಗಂಟ ಹೋಗ್ಬೇಕಾ?" ಅಂದರು. ಆದರೆ ಮಾರನೇ ದಿನ ಮನೆಯಲ್ಲಿದ್ದ ಅಡಿಕೆ ಅರ್ಧ ಮಾರಿ ಅರ್ಧ ಇಟ್ಟುಕೊಂಡಿದ್ದಾರೆ. ನಾನು ಆರ್ ಎಲ್ಲಿಂದ ಶುರು ಮಾಡಲಿ?

ತೀರ್ಥಹಳ್ಳಿ ಅಕ್ಕ:
ಅಪ್ಪನ ಹತ್ತಿರ ಹಳೆಯ ಮಂಡಿ ಚೀಟಿಗಳು ಇರುತ್ತವೆ, ಕೇಳು. ಹತ್ತು ವರ್ಷದ್ದು ಸಿಕ್ಕರೂ ಸಾಕು. ತಾರೀಕು, ತೂಕ, ದರ ಟೈಪ್ ಮಾಡಿ ಒಂದು ಗ್ರಾಫ್ ಬಿಡಿಸಿ ಇಲ್ಲಿ ಹಾಕು. ಸೊನ್ನೆ ನೋಡಿಕೋ.